ಮೂರು ಊರಿನ ಮಣ್ಣು, ಒಂದು ಟ್ರಕ್ಕು

ರೇಡಿಯೋ ಅಲೆಗಳಿಂದ ನಡೆಯಿಸುವ ಪುಟ್ಟ ಮೋಟಾರುಗಾಡಿಗಳನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿ ಕಂಡಿರಬಹುದು. ಕೆಲವರ ಮನೆಗಳಲ್ಲಿ ಅವು ಇದ್ದರೂ ಇರಬಹುದು. ಆದರೆ ಅಂಗಡಿಯಿಂದ ತಂದು ಅಂಗಳದಲ್ಲಿ ಓಡಿಸುವ ಆಟಿಕೆಗೂ, ಮಣ್ಣಿನ ಹಾದಿಯಲ್ಲಿ ಪಂದ್ಯಕ್ಕೆಂದು ಸಿದ್ಧಪಡಿಸಿದ ಟ್ರಕ್ಕಿಗೂ ಬಹಳ ಅಂತರವುಂಟು. ಎರಡನೆಯದು ನಿಜವಾದ ವಾಹನದ ಹತ್ತನೆಯ ಒಂದು ಪಾಲಿನಷ್ಟು ಗಾತ್ರದ ಒಂದು ಪೂರ್ಣ ಯಂತ್ರ. ಅದರ ಉದ್ದ ಅರ್ಧ ಮೀಟರಿಗಿಂತ ತುಸು ಹೆಚ್ಚು, ಅಗಲ ಸುಮಾರು ೩೦ ಸೆಂಟಿಮೀಟರು, ತೂಕ ಎರಡರಿಂದ ಎರಡೂವರೆ ಕಿಲೋಗ್ರಾಂ. ಇಷ್ಟರೊಳಗೆ ಮೋಟಾರು, ಗೇರು, ಡಿಫರೆನ್ಷಿಯಲ್, ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರುಗಳು, ಸ್ಟಿಯರಿಂಗಿನ ಸಂದುಕಡ್ಡಿಗಳು ಎಲ್ಲವೂ ಅಡಕವಾಗಿವೆ. ಪ್ರತಿಯೊಂದನ್ನೂ ಬಿಚ್ಚಬಹುದು, ಬದಲಿಸಬಹುದು, ಹೊಂದಿಸಬಹುದು. ಈ ಹೊಂದಿಸುವಿಕೆಯೇ ನಮ್ಮ ಇಂದಿನ ಪಾಠ.

ಈ ಹವ್ಯಾಸಕ್ಕೆ ಹೊಸದಾಗಿ ಬಂದ ಹುಡುಗರು ಮೊದಲು ಕೇಳುವ ಪ್ರಶ್ನೆ ಒಂದೇ: "ಇನ್ನೂ ಬಲವಾದ ಮೋಟಾರು ಎಲ್ಲಿ ಸಿಗುತ್ತದೆ?" ತಂದೆಯವರ ಹಣ ಮೊದಲು ವ್ಯಯವಾಗುವುದೂ ಅಲ್ಲಿಯೇ. ಈ ಪ್ರಶ್ನೆಯನ್ನು ಕಡೆಯಲ್ಲಿ ಕೇಳತಕ್ಕದ್ದೆಂದು ನಮ್ಮ ಅಭಿಪ್ರಾಯ. ಮೊದಲು ಕೇಳತಕ್ಕದ್ದು, "ಈ ನೆಲ ಎಂಥದು?" ಎಂದು. ಟ್ರಕ್ಕಿನ ಬಲವೆಲ್ಲವೂ ನಾಲ್ಕು ಟೈರುಗಳು ನೆಲವನ್ನು ಮುಟ್ಟುವ ನಾಲ್ಕು ಚಿಕ್ಕ ತಾಣಗಳ ಮೂಲಕವೇ ಹಾಯಬೇಕು. ಒಂದೊಂದು ತಾಣವೂ ಅಂಚೆಚೀಟಿಗಿಂತ ಬಹಳ ದೊಡ್ಡದಲ್ಲ. ಅಲ್ಲಿ ಹಿಡಿತವಿಲ್ಲದಿದ್ದರೆ ಬಲವಾದ ಮೋಟಾರು ಧೂಳೆಬ್ಬಿಸುವುದಲ್ಲದೆ ಬೇರೇನನ್ನೂ ಮಾಡಲಾರದು.

ಈ ಮಾತನ್ನು ತಿಳಿಯಲು ಗುಜರಾತಿನಷ್ಟು ಅನುಕೂಲವಾದ ಪ್ರದೇಶ ಬೇರೊಂದಿಲ್ಲ. ಅಹಮದಾಬಾದಿನಿಂದ ವಡೋದರೆಯ ಮಾರ್ಗವಾಗಿ ಸೂರತ್ತಿಗೆ ರೈಲಿನಲ್ಲಿ ಸುಮಾರು ೨೩೦ ಕಿಲೋಮೀಟರು. ಕಿಟಕಿಯ ಬಳಿ ಕುಳಿತು ಹೊಲಗಳನ್ನು ನೋಡುತ್ತ ಹೋದರೆ ಮಣ್ಣಿನ ಬಣ್ಣ ಬದಲಾಗುವುದು ಕಣ್ಣಿಗೆ ಕಾಣುತ್ತದೆ. ಅಹಮದಾಬಾದಿನ ಸುತ್ತಿನದು ಸಾಬರಮತಿ ಮೊದಲಾದ ನದಿಗಳು ತಂದು ಹರಡಿದ ಮರಳುಗೂಡಿದ ಹಗುರ ಮಣ್ಣು. ಗುಜರಾತಿಗಳು ಇದನ್ನು 'ಗೋರಾಡು' ಎನ್ನುತ್ತಾರೆ. ಮಹೀ ನದಿಯ ಉತ್ತರಕ್ಕಿರುವ ಚರೋತರ್ ಸೀಮೆಯೂ ಇದೇ ಮಣ್ಣಿನದು. ವಡೋದರೆಯನ್ನು ದಾಟಿ ಭರೂಚಿನತ್ತ ಸಾಗಿದಂತೆ ನೆಲ ಕಪ್ಪಾಗುತ್ತದೆ. ಹತ್ತಿಗೆ ಹೆಸರಾದ ಈ ಸೀಮೆಗೆ 'ಕಾನಮ್' ಎಂದು ಹೆಸರು. ಸೂರತ್ತಿನ ಬಳಿ, ತಾಪಿಯ ಬಯಲಿನಲ್ಲಿ, ಕರಿಮಣ್ಣು ಆಳವಾಗಿ ಹಬ್ಬಿದೆ. ಹೀಗೆ ಒಂದು ಕಡೆ ಹಗುರ ಮಣ್ಣು, ಇನ್ನೊಂದು ಕಡೆ ಜಿಗುಟು ಮಣ್ಣು, ಎರಡೂ ಸಂಧಿಸುವ ನಡುವೆ ವಡೋದರಾ.

ಕನ್ನಡದ ಮಕ್ಕಳಿಗೆ ಇದು ಅಪರಿಚಿತವೇನೂ ಅಲ್ಲ. ನಮ್ಮ ಉತ್ತರ ಜಿಲ್ಲೆಗಳ ರೈತರು ಎರೆ, ಮಸಾರಿ ಎಂದು ಎರಡು ಹೊಲಗಳನ್ನು ಬೇರೆಮಾಡಿ ಹೇಳುವುದುಂಟು. ವಿಜಯಪುರ, ಬೀದರುಗಳ ಎರೆಭೂಮಿಗೂ ದಕ್ಷಿಣ ಗುಜರಾತಿನ ಕರಿಮಣ್ಣಿಗೂ ಬಹುಮಟ್ಟಿಗೆ ಒಂದೇ ತಾಯಿ. ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ದಖ್ಖನಿನಲ್ಲಿ ಉಕ್ಕಿ ಹರಿದು ಹೆಪ್ಪುಗಟ್ಟಿದ ಲಾವಾರಸದ ಕಪ್ಪುಶಿಲೆ ಸವೆದು ಈ ಮಣ್ಣಾಯಿತು. ಆದುದರಿಂದ ಸೂರತ್ತಿನ ನೆಲಕ್ಕೆ ಹೇಳಿದ ಮಾತು ವಿಜಯಪುರದ ಹುಡುಗನಿಗೂ ಸಲ್ಲುತ್ತದೆ.

ಟ್ರಕ್ಕನ್ನು ನಡೆಯಿಸುವ ರೇಡಿಯೋವಿನ ವಿಷಯವನ್ನು ಇಲ್ಲಿ ಚುಟುಕಾಗಿ ಹೇಳಿಬಿಡುವೆವು. ೧೮೯೮ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕ್ ನಗರದಲ್ಲಿ ತಂತಿಯಿಲ್ಲದೆ ಚಿಕ್ಕ ದೋಣಿಯೊಂದನ್ನು ನಡೆಸಿ ತೋರಿಸಿದನು. ಇಂದಿನ ಟ್ರಕ್ಕಿನ ಓಟಗಾರನ ಕೈಯಲ್ಲಿರುವ ಪಿಸ್ತೂಲಿನಾಕಾರದ ಪ್ರೇಷಕವು ಅದೇ ತತ್ತ್ವದ ಮರಿಮಗು. ಕೀಲನ್ನು ಎಷ್ಟು ಒತ್ತಿದ್ದೇವೆ, ಚಕ್ರವನ್ನು ಎಷ್ಟು ತಿರುಗಿಸಿದ್ದೇವೆ ಎಂಬುದು ಟ್ರಕ್ಕಿನಲ್ಲಿರುವ ಗ್ರಾಹಕಕ್ಕೆ ತಲುಪುತ್ತದೆ. ಅಲ್ಲಿಂದ ಮುಂದಕ್ಕೆ ವಿದ್ಯುತ್ತಿನ ಮಿಡಿತಗಳಾಗಿ ಹೋಗುತ್ತದೆ. ಮಿಡಿತವು ಒಂದು ಸೆಕೆಂಡಿನ ಸಾವಿರದ ಒಂದೂವರೆ ಪಾಲಿನಷ್ಟು ಹೊತ್ತು ಇದ್ದರೆ ಮುಂಗಾಲಿ ನೇರ. ಸಾವಿರದ ಒಂದು ಪಾಲಾದರೆ ಒಂದು ಪಕ್ಕಕ್ಕೆ, ಎರಡು ಪಾಲಾದರೆ ಇನ್ನೊಂದು ಪಕ್ಕಕ್ಕೆ. ಹಿಂದೆ ೨೭ ಮೆಗಾಹರ್ಟ್ಸಿನ ಅಲೆಗಳು ಬಳಕೆಯಲ್ಲಿದ್ದಾಗ ಇಬ್ಬರ ಬಳಿ ಒಂದೇ ಹರಳಿದ್ದರೆ ಒಬ್ಬನ ಅಪ್ಪಣೆಗೆ ಇನ್ನೊಬ್ಬನ ಗಾಡಿ ತಿರುಗುತ್ತಿತ್ತು! ಈಗಿನ ೨.೪ ಗಿಗಾಹರ್ಟ್ಸಿನ ಯಂತ್ರಗಳಲ್ಲಿ ಪ್ರೇಷಕವೂ ಗ್ರಾಹಕವೂ ಪರಸ್ಪರ ಗುರುತು ಹಿಡಿದುಕೊಳ್ಳುವುದರಿಂದ ಆ ಪೀಡೆ ತಪ್ಪಿದೆ. ಅಲೆಯ ಉದ್ದ ೧೧ ಮೀಟರಿನಿಂದ ಹನ್ನೆರಡೂವರೆ ಸೆಂಟಿಮೀಟರಿಗೆ ಇಳಿದುದರಿಂದ ಆಂಟೆನಾವೂ ಬೆರಳುದ್ದದ ತಂತಿಯಾಯಿತು.

ಅಹಮದಾಬಾದಿನ ಹೆಸರು ಬಂದಾಗ ಇನ್ನೊಂದು ಮಾತು ನೆನಪಾಗುತ್ತದೆ. ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾಯರು ವಿಕ್ರಮ ಸಾರಾಭಾಯಿಯವರ ಕೈಕೆಳಗೆ ಸಂಶೋಧನೆ ಮಾಡಿದುದು ಈ ನಗರದಲ್ಲಿ, ೧೯೪೭ರಲ್ಲಿ ಸ್ಥಾಪಿತವಾದ ಭೌತ ಸಂಶೋಧನಾಲಯದಲ್ಲಿ. ಮುಂದೆ ಅವರ ನೇತೃತ್ವದಲ್ಲಿ ಸಿದ್ಧವಾದ 'ಆರ್ಯಭಟ' ಉಪಗ್ರಹವು ೧೯೭೫ರ ಏಪ್ರಿಲ್ ೧೯ರಂದು ಆಕಾಶಕ್ಕೇರಿತು. ಭೂಮಿಯಿಂದ ಅದಕ್ಕೆ ಹೋದ ಅಪ್ಪಣೆಗಳೂ ರೇಡಿಯೋ ಅಲೆಗಳೇ. ಟ್ರಕ್ಕಿನ ಹುಡುಗನು ಅಂಗೈಯಲ್ಲಿ ಹಿಡಿದಿರುವ ವಿದ್ಯೆ ಆಟಿಕೆಯದೆಂದು ಯಾರೂ ಹಗುರಾಗಿ ಭಾವಿಸಬೇಕಾಗಿಲ್ಲ.

ಇನ್ನು ಮಣ್ಣಿಗೆ ಬರೋಣ. ಓಟದ ಹಾದಿಯಿಂದ ಒಂದು ಹಿಡಿ ಮಣ್ಣನ್ನು ತಂದು ಉದ್ದವಾದ ಗಾಜಿನ ಬಾಟಲಿಯಲ್ಲಿ ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಡಿರಿ. ಮರಳು ಒಂದು ನಿಮಿಷದೊಳಗೆ ತಳ ಸೇರುತ್ತದೆ. ನುಣುಪು ಹೂಳು ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಜೇಡಿಯು ಮರುದಿನವೂ ನೀರನ್ನು ಕದಡಿಯೇ ಇಟ್ಟಿರುತ್ತದೆ. ಇದರಿಂದ ಯಾವ ಪದರ ಎಷ್ಟೆಂಬುದನ್ನು ಅಳತೆಪಟ್ಟಿಯಿಂದಲೇ ಅಳೆಯಬಹುದು. ಇನ್ನೊಂದು ಪರೀಕ್ಷೆ ಇದಕ್ಕಿಂತಲೂ ಸುಲಭ: ಒದ್ದೆ ಮಣ್ಣನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒತ್ತಿ ಪಟ್ಟಿಯಂತೆ ಹೊರಡಿಸಿರಿ. ಗೋರಾಡು ಪಟ್ಟಿಯಾಗುವ ಮೊದಲೇ ಉದುರುತ್ತದೆ. ಎರೆಮಣ್ಣು ಉದ್ದವಾದ ರಿಬ್ಬನ್ನಿನಂತೆ ನೇತಾಡುತ್ತದೆ.

ಇಷ್ಟರಿಂದ ಮಣ್ಣಿನ ಜಾತಿ ತಿಳಿಯಿತು. ಅದರ ಹಿಡಿತವನ್ನು ಅಂಕಿಯಲ್ಲಿ ತಿಳಿಯಬೇಕಾದರೆ ನಮ್ಮ ಪ್ರಯೋಗಶಾಲೆಯ ಸ್ಪ್ರಿಂಗು ತ್ರಾಸು ಸಾಕು. ಟ್ರಕ್ಕಿನ ಚಕ್ರಗಳು ಉರುಳದಂತೆ ದಾರದಿಂದ ಕಟ್ಟಿ, ತ್ರಾಸಿನ ಕೊಕ್ಕೆಯನ್ನು ಮುಂದಿನ ಬಂಪರಿಗೆ ಸಿಕ್ಕಿಸಿ, ನೆಲದ ಮೇಲೆ ಸಮವೇಗದಿಂದ ಎಳೆಯಿರಿ. ಟ್ರಕ್ಕಿನ ತೂಕ ೨.೨ ಕಿಲೋಗ್ರಾಂ, ಎಳೆಯುವಾಗ ತ್ರಾಸು ೧.೧ ತೋರಿಸಿತೆಂದು ಭಾವಿಸೋಣ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ೦.೫. ಘರ್ಷಣಾಂಕವೆಂದು ಪುಸ್ತಕದಲ್ಲಿ ಓದಿದ ಅಂಕಿ ಇದೇ.

ಈಗ ಲೆಕ್ಕವನ್ನು ಮುಂದುವರಿಸೋಣ. ಎರಡು ಮೀಟರು ತ್ರಿಜ್ಯದ ಒಂದು ತಿರುವು. ಇದರಲ್ಲಿ ಜಾರದೆ ಹೋಗಬಹುದಾದ ವೇಗದ ವರ್ಗವು ಘರ್ಷಣಾಂಕ, ಗುರುತ್ವದ ವೇಗೋತ್ಕರ್ಷ, ತ್ರಿಜ್ಯ ಈ ಮೂರರ ಗುಣಲಬ್ಧಕ್ಕೆ ಸಮ. ೦.೫, ೯.೮, ೨ ಇವನ್ನು ಗುಣಿಸಿದರೆ ೯.೮; ಅದರ ವರ್ಗಮೂಲ ೩.೧೩. ಎಂದರೆ ಸೆಕೆಂಡಿಗೆ ಮೂರು ಮೀಟರಿಗೆ ಸ್ವಲ್ಪ ಮೇಲೆ. ಟೈರನ್ನು ಬದಲಿಸಿ ಹಿಡಿತವನ್ನು ೦.೮ಕ್ಕೆ ಏರಿಸಿದರೆ ವೇಗವು ೩.೯೬ಕ್ಕೆ ಏರುತ್ತದೆ. ಅರ್ಧವೃತ್ತದ ತಿರುವಿನ ಉದ್ದ ಸುಮಾರು ೬.೨೮ ಮೀಟರು. ಮೊದಲ ಟೈರಿಗೆ ಹಿಡಿಯುವ ಕಾಲ ೨.೦೧ ಸೆಕೆಂಡು, ಎರಡನೆಯದಕ್ಕೆ ೧.೫೯. ಉಳಿದುದು ೦.೪೨ ಸೆಕೆಂಡು ಮಾತ್ರವೆಂದು ನಗಬೇಡಿರಿ. ಒಂದು ಸುತ್ತಿನಲ್ಲಿ ಅಂಥ ಆರು ತಿರುವುಗಳಿದ್ದರೆ ಎರಡೂವರೆ ಸೆಕೆಂಡಾಯಿತು. ವಿದ್ಯುತ್ ಟ್ರಕ್ಕುಗಳ ಓಟ ಸಾಮಾನ್ಯವಾಗಿ ಐದು ನಿಮಿಷ; ಸುತ್ತಿಗೆ ಅರ್ಧ ನಿಮಿಷವೆಂದರೆ ಹತ್ತು ಸುತ್ತು. ಹತ್ತು ಸುತ್ತಿಗೆ ೨೫ ಸೆಕೆಂಡು. ಹೆಚ್ಚು ಕಡಮೆ ಒಂದು ಸುತ್ತನ್ನೇ ಟೈರು ಗಳಿಸಿಕೊಟ್ಟಿತು!

ಇದರ ಪಕ್ಕದಲ್ಲಿ ಮೋಟಾರಿನ ಲೆಕ್ಕವನ್ನಿಟ್ಟು ನೋಡಬೇಕು. ಪ್ರತಿ ವೋಲ್ಟಿಗೆ ನಿಮಿಷಕ್ಕೆ ೩೦೦೦ ಸುತ್ತು ತಿರುಗುವ ಮೋಟಾರು, ೭.೪ ವೋಲ್ಟಿನ ಬ್ಯಾಟರಿ: ೨೨,೨೦೦ ಸುತ್ತು. ಮೋಟಾರಿನ ಪಿನಿಯನ್ನಿಗೆ ೨೦ ಹಲ್ಲು, ಅದು ತಿರುಗಿಸುವ ದೊಡ್ಡ ಗೇರಿಗೆ ೮೦ ಹಲ್ಲು, ಒಳಗಿನ ಗೇರುಪೆಟ್ಟಿಗೆಯ ಪ್ರಮಾಣ ಎರಡೂವರೆ ಎಂದರೆ ಒಟ್ಟು ಹತ್ತಕ್ಕೊಂದು. ಚಕ್ರವು ನಿಮಿಷಕ್ಕೆ ೨,೨೨೦ ಸಲ ತಿರುಗುತ್ತದೆ. ಟೈರಿನ ವ್ಯಾಸ ೧೧ ಸೆಂಟಿಮೀಟರಾದರೆ ಗಂಟೆಗೆ ೪೬ ಕಿಲೋಮೀಟರು ಬರುತ್ತದೆ. ಹೊರೆ ಬಿದ್ದಾಗ ಇದು ಕಡಮೆಯಾಗುವುದು ಸಹಜ. ಪಿನಿಯನ್ನಿಗೆ ಒಂದು ಹಲ್ಲು ಹೆಚ್ಚಿಸಿ ೨೧ ಮಾಡಿದರೆ ವೇಗ ೪೮ಕ್ಕೆ ಏರಬಹುದು. ಇಪ್ಪತ್ತು ಮೀಟರಿನ ನೇರ ಹಾದಿಯುದ್ದಕ್ಕೂ ಪೂರ್ಣವೇಗವೇ ದೊರೆತರೂ ಉಳಿತಾಯ ಸೆಕೆಂಡಿನ ನೂರರಲ್ಲಿ ಏಳೆಂಟು ಪಾಲು. ಹತ್ತು ಸುತ್ತಿಗೆ ಮುಕ್ಕಾಲು ಸೆಕೆಂಡು. ಒಂದು ಕಡೆ ೨೫, ಇನ್ನೊಂದು ಕಡೆ ಮುಕ್ಕಾಲು. ಅಂಗಡಿಯವರು ಈ ಲೆಕ್ಕವನ್ನು ಹೇಳುವುದಿಲ್ಲ.

ಟೈರಿನ ಆಯ್ಕೆ ಹೇಗೆ? ಅಹಮದಾಬಾದಿನ ಒಣ ಗೋರಾಡು ನೆಲದ ಮೇಲೆ ಸಡಿಲವಾದ ಧೂಳು ಕೂತಿರುತ್ತದೆ. ಗಟ್ಟಿ ನೆಲ ಅದರ ಕೆಳಗೆ. ಇಲ್ಲಿ ಮೊಳೆಗಳಂತೆ ಎತ್ತರವಾಗಿ, ವಿರಳವಾಗಿ ನಿಂತ ರಬ್ಬರು ಮುಳ್ಳುಗಳ ಟೈರು ಬೇಕು. ಮುಳ್ಳುಗಳು ಧೂಳನ್ನು ಸೀಳಿ ಕೆಳಗಿನ ನೆಲವನ್ನು ಕಚ್ಚುತ್ತವೆ. ಮುಳ್ಳು ದಟ್ಟವಾಗಿದ್ದರೆ ಅವು ಧೂಳಿನ ಮೇಲೆ ತೇಲುವುದೇ ಹೊರತು ಒಳಗಿಳಿಯಲಾರವು. ಸೂರತ್ತಿನ ಕರಿಮಣ್ಣನ್ನು ನೀರುಣಿಸಿ ಒತ್ತಿ ಗಟ್ಟಿಮಾಡಿದ ಹಾದಿಯಲ್ಲಿ ಕತೆ ತಿರುಗುಮುರುಗು. ಅಲ್ಲಿ ನೆಲ ನುಣುಪು. ಟ್ರಕ್ಕುಗಳು ಓಡಿದಷ್ಟೂ ರಬ್ಬರು ಉಜ್ಜಿ ಹೊಳೆಯುವ ಗೆರೆಯೊಂದು ಮೂಡುತ್ತದೆ. ಆ ಗೆರೆಯ ಮೇಲೆ ಎತ್ತರದ ಮುಳ್ಳುಗಳು ಬಾಗಿ ಜಾರುತ್ತವೆ. ಗಿಡ್ಡವೂ ದಟ್ಟವೂ ಆದ ಮುಳ್ಳಿನ ಮೆತು ರಬ್ಬರಿನ ಟೈರು ಅಂಟಿಕೊಂಡಂತೆ ಓಡುತ್ತದೆ. ಆದರೆ ಮೆತು ರಬ್ಬರು ಬೇಗ ಸವೆಯುವುದರಿಂದ ಅಭ್ಯಾಸಕ್ಕೆ ಹಳೆಯ ಜೊತೆ, ಓಟಕ್ಕೆ ಹೊಸ ಜೊತೆ ಎಂದು ವಿಂಗಡಿಸಿಡುವುದು ಮಿತವ್ಯಯದ ದಾರಿ.

ಕರಿಮಣ್ಣಿಗೆ ಇನ್ನೊಂದು ಸ್ವಭಾವವಿದೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಬೇಸಗೆಯಲ್ಲಿ ಎರೆಹೊಲದ ಬಿರುಕಿನೊಳಗೆ ಕೋಲು ಇಳಿಯುವುದನ್ನು ನಮ್ಮ ಹಳ್ಳಿಗಳಲ್ಲಿ ಯಾರು ನೋಡಿಲ್ಲ? ಅಂಥ ಬಿರುಕಿಗೆ ಹತ್ತನೆಯ ಪಾಲಿನ ಟ್ರಕ್ಕಿನ ಮುಂಗಾಲಿ ಸಿಕ್ಕಿದರೆ ಪಲ್ಟಿಯೇ ಗತಿ. ಆದುದರಿಂದ ಕರಿಮಣ್ಣನ್ನು ಒಂದನ್ನೇ ಹಾಸದೆ ಮರಳನ್ನೋ ಗರಸನ್ನೋ ಬೆರೆಸಿ ಹಾದಿ ಮಾಡುವುದು ವಿವೇಕ. ಮಳೆಗಾಲದಲ್ಲಂತೂ ಆ ನೆಲದಲ್ಲಿ ಓಟವೇ ಇಲ್ಲ. ಒದ್ದೆ ಎರೆಮಣ್ಣು ಟೈರಿನ ಮುಳ್ಳುಗಳ ಸಂದನ್ನೆಲ್ಲ ತುಂಬಿ ಚಕ್ರವನ್ನು ಮಣ್ಣುಂಡೆ ಮಾಡಿಬಿಡುತ್ತದೆ. ಜೂನ್ ನಡುವಿನಿಂದ ಸೆಪ್ಟೆಂಬರಿನವರೆಗೆ ಸೂರತ್ತಿನ ಹುಡುಗರು ಟ್ರಕ್ಕನ್ನು ಬಿಚ್ಚಿ ಶುಚಿಮಾಡಿಡುವುದು ಒಳ್ಳೆಯದು. ಸಮುದ್ರತೀರದ ಡುಮಸ್ಸಿನ ಕಪ್ಪು ಮರಳಿಗೆ ಟ್ರಕ್ಕನ್ನು ಕೊಂಡೊಯ್ಯುವ ಆಸೆ ಕೆಲವರಿಗೆ ಇರಬಹುದು. ನೋಟ ಚೆಲುವಾದುದೇ ಸರಿ. ಆದರೆ ಉಪ್ಪು ಬೆರೆತ ಮರಳು ಬೇರಿಂಗುಗಳಿಗೆ ವಿಷ.

ವಡೋದರೆಯಲ್ಲಿ ಯಾವ ಮಣ್ಣು ಬರುವುದೆಂದು ಮುಂಚೆಯೇ ಹೇಳಲಾಗದು. ಊರಿನ ಒಂದು ದಿಕ್ಕಿನ ಗಾಡಿಮಣ್ಣು ಹಗುರವಾದರೆ ಇನ್ನೊಂದು ದಿಕ್ಕಿನದು ಜಿಗುಟು. ಹಾದಿಯ ಒಂದು ಭಾಗವನ್ನು ಇದರಿಂದ, ಉಬ್ಬುಗಳನ್ನು ಅದರಿಂದ ಕಟ್ಟಿದ್ದರೆ ಒಂದೇ ಸುತ್ತಿನಲ್ಲಿ ಎರಡು ನೆಲ. ಇಲ್ಲಿ ಯಾವ ಒಂದಕ್ಕೂ ಪೂರ್ತಿ ಸರಿಹೊಂದಿಸದೆ ನಡುವಣ ಎತ್ತರದ ಮುಳ್ಳನ್ನು ಆರಿಸಬೇಕು. ಸಯಾಜಿರಾವ್ ಗಾಯಕವಾಡರು ೧೮೯೦ರಲ್ಲಿ ಕಲಾಭವನವನ್ನು ತೆರೆದು ಕೈಕೆಲಸವನ್ನು ಓದಿನ ಸಮಕ್ಕೆ ತಂದ ಊರು ಇದು. ಇಲ್ಲಿಯ ಹುಡುಗನು ಬಾಟಲಿ, ತ್ರಾಸು ಹಿಡಿದು ಹಾದಿಯ ನಾಲ್ಕು ಕಡೆ ಅಳೆದು ಬರೆದುಕೊಂಡರೆ ಊರಿನ ಹಳೆಯ ಸಂಪ್ರದಾಯಕ್ಕೆ ತಕ್ಕದ್ದನ್ನೇ ಮಾಡಿದಂತೆ.

ಟೈರಾದ ಮೇಲೆ ಶಾಕ್ ಅಬ್ಸಾರ್ಬರು. ಸ್ಪ್ರಿಂಗು ಟ್ರಕ್ಕಿನ ಭಾರವನ್ನು ಹೊರುತ್ತದೆ. ಒಳಗಿನ ಎಣ್ಣೆಯು ಸ್ಪ್ರಿಂಗಿನ ಕುಣಿತವನ್ನು ಅಡಗಿಸುತ್ತದೆ. ತೂತುಗಳುಳ್ಳ ಒಂದು ಬಿಲ್ಲೆ ಎಣ್ಣೆಯೊಳಗೆ ಮೇಲೆ ಕೆಳಗೆ ಸರಿಯುವಾಗ ಎಣ್ಣೆ ಆ ತೂತುಗಳಲ್ಲಿ ನುಸುಳಬೇಕಾಗುತ್ತದೆ; ಅದರಲ್ಲಿ ಕುಣಿತದ ಶಕ್ತಿ ಶಾಖವಾಗಿ ಕರಗುತ್ತದೆ. ಎಣ್ಣೆ ತೆಳುವಾದರೆ ಟ್ರಕ್ಕು ಚೆಂಡಿನಂತೆ ಪುಟಿಯುತ್ತದೆ. ಗಟ್ಟಿಯಾದರೆ ಸಾಲು ಉಬ್ಬುಗಳ ಮೇಲೆ ಚಕ್ರವು ನೆಲವನ್ನು ಹಿಂಬಾಲಿಸಲಾರದೆ ಗಾಳಿಯಲ್ಲಿ ಉಳಿದುಬಿಡುತ್ತದೆ. ಗಾಳಿಯಲ್ಲಿರುವ ಚಕ್ರಕ್ಕೆ ಹಿಡಿತವೆಲ್ಲಿಯದು? ಇದನ್ನು ಪರೀಕ್ಷಿಸಲು ಅಳತೆಪಟ್ಟಿಯೊಂದು ಸಾಕು. ಬ್ಯಾಟರಿ ಸಹಿತ ಟ್ರಕ್ಕನ್ನು ಮಟ್ಟವಾಗಿ ಹಿಡಿದು ೩೦ ಸೆಂಟಿಮೀಟರು ಎತ್ತರದಿಂದ ಗಟ್ಟಿ ನೆಲಕ್ಕೆ ಬಿಡಿರಿ. ತಳದ ಹಲಗೆ ನೆಲವನ್ನು ಮೆಲ್ಲಗೆ ತಾಗಿ, ಒಂದೇ ಸಲ ಮೇಲೆದ್ದು ನಿಲ್ಲಬೇಕು. ಬಡಿದು ಸದ್ದಾದರೆ ಎಣ್ಣೆ ತೆಳು ಅಥವಾ ಸ್ಪ್ರಿಂಗು ಮೆತು. ತಳ ತಾಗದೆಯೇ ಟ್ರಕ್ಕು ಹಾರಿದರೆ ಸ್ಪ್ರಿಂಗು ಬಿರುಸು.

ಈ ಎಣ್ಣೆಗೆ ಋತುಮಾನವೂ ಸೇರಬೇಕು. ಅಹಮದಾಬಾದಿನ ಜನವರಿಯ ಬೆಳಗು ಕೆಲವೊಮ್ಮೆ ೧೨ ಡಿಗ್ರಿಯ ಬಳಿ ಇರುತ್ತದೆ. ಮೇ ತಿಂಗಳ ನಡುಹಗಲು ೪೦ನ್ನು ಸುಲಭವಾಗಿ ದಾಟುತ್ತದೆ. ೨೦೧೬ರ ಮೇ ೨೦ರಂದು ಅದು ೪೮ ಡಿಗ್ರಿ ಮುಟ್ಟಿತ್ತು. ಬಿಸಿಯಾದಂತೆ ಎಣ್ಣೆ ತೆಳ್ಳಗಾಗುವುದನ್ನು ಅಡಿಗೆಮನೆಯ ಬಾಣಲೆಯಲ್ಲೇ ಕಾಣಬಹುದು. ಸಿಲಿಕೋನ್ ಎಣ್ಣೆಯು ಅಷ್ಟೊಂದು ಬದಲಾಗದಿದ್ದರೂ ಬದಲಾಗದೆ ಇರುವುದಿಲ್ಲ. ಚಳಿಗಾಲದಲ್ಲಿ ೩೦ನೆಯ ತರಗತಿಯ ಎಣ್ಣೆಯಿಂದ ಸರಿಯಾಗಿದ್ದ ಟ್ರಕ್ಕು ಬೇಸಗೆಯಲ್ಲಿ ೩೫ನ್ನು ಬೇಡಬಹುದು.

ನೆಲದಿಂದ ತಳದ ಹಲಗೆಯ ಎತ್ತರವನ್ನು ೨೫ರಿಂದ ೩೦ ಮಿಲಿಮೀಟರಿನೊಳಗೆ ಇಟ್ಟುಕೊಂಡು ಆರಂಭಿಸಬಹುದು. ಗುಂಡಿಬಿದ್ದ ಸಡಿಲ ಹಾದಿಗೆ ತುಸು ಎತ್ತರ. ನುಣುಪಾದ ಹಿಡಿತದ ಹಾದಿಗೆ ತುಸು ತಗ್ಗು. ಹಿಡಿತ ಹೆಚ್ಚಿದ್ದಲ್ಲಿ ತಗ್ಗಬೇಕೇಕೆ? ಹಿಡಿತ ಕಡಮೆಯಿರುವ ಧೂಳಿನಲ್ಲಿ ಅತಿವೇಗದ ಟ್ರಕ್ಕು ಜಾರುತ್ತದೆಯೇ ಹೊರತು ಉರುಳುವುದಿಲ್ಲ. ಜಾರುವಿಕೆಯೇ ಅದನ್ನು ಕಾಯುತ್ತದೆ. ಹಿಡಿತ ಹೆಚ್ಚಾದಲ್ಲಿ ಹೊರಗಿನ ಟೈರು ನೆಲಕ್ಕೆ ಕಚ್ಚಿಕೊಂಡು ಸನ್ನೆಗೋಲಿನ ಆಧಾರದಂತಾಗಿ ಮೇಲಿನ ಭಾರವನ್ನೆಲ್ಲ ಅದರ ಮೇಲೆ ಮಗುಚಿಹಾಕುತ್ತದೆ. ಸೂರತ್ತಿನ ಗಟ್ಟಿ ಹಾದಿಯಲ್ಲಿ ಹಿಡಿತವನ್ನು ಸ್ವಲ್ಪ ಬಿಟ್ಟುಕೊಟ್ಟರೂ ಚಿಂತೆಯಿಲ್ಲ, ಭಾರದ ಕೇಂದ್ರವನ್ನು ತಗ್ಗಿಸಲೇಬೇಕು. ಐದು ನಿಮಿಷದಲ್ಲಿ ಒಂದು ಪಲ್ಟಿಯಾಗಿ, ಅದನ್ನು ಎತ್ತಿ ನಿಲ್ಲಿಸುವವರು ಓಡಿಬರುವಷ್ಟರಲ್ಲಿ, ಟೈರು ಗಳಿಸಿಕೊಟ್ಟ ೨೫ ಸೆಕೆಂಡಿನಲ್ಲಿ ಅರ್ಧ ಹೋದಂತೆಯೇ.

ಉಬ್ಬಿನಿಂದ ಹಾರುವಾಗಿನ ಸಂಗತಿ ಇಡೀ ವಿಷಯದಲ್ಲಿ ನಮಗೆ ಅತ್ಯಂತ ಪ್ರಿಯವಾದುದು. ನೆಲ ಬಿಟ್ಟ ಟ್ರಕ್ಕಿಗೆ ಇನ್ನು ಯಾವ ಆಧಾರವೂ ಇಲ್ಲವಷ್ಟೆ. ಆದರೂ ಓಟಗಾರನು ಗಾಳಿಯಲ್ಲೇ ಅದರ ಮೂತಿಯನ್ನು ಏರಿಸಬಲ್ಲ, ಇಳಿಸಬಲ್ಲ. ಕೀಲನ್ನು ಒತ್ತಿದರೆ ಚಕ್ರಗಳು ಮುಂದಕ್ಕೆ ಇನ್ನೂ ಜೋರಾಗಿ ತಿರುಗುತ್ತವೆ. ಅದರ ಪ್ರತಿಕ್ರಿಯೆಯಾಗಿ ಟ್ರಕ್ಕಿನ ಒಡಲು ಹಿಂದಕ್ಕೆ ತಿರುಗಿ ಮೂತಿ ಮೇಲೇಳುತ್ತದೆ. ಬ್ರೇಕು ಹಿಡಿದರೆ ಚಕ್ರದ ತಿರುಗುವಿಕೆ ಒಡಲಿಗೆ ಬಂದು ಮೂತಿ ಕೆಳಗಿಳಿಯುತ್ತದೆ. ಕೋನೀಯ ಸಂವೇಗದ ಸಂರಕ್ಷಣೆಯೆಂದು ಪಾಠದಲ್ಲಿ ಬರುವ ನಿಯಮವಿದು. ಟ್ರಕ್ಕಿನ ಅಗಲವಾದ ಮೇಲ್ಕವಚದ ಒಳಗೆ ಗಾಳಿ ತುಂಬಿ ಪ್ಯಾರಾಚ್ಯೂಟಿನಂತೆ ಎತ್ತಿಹಾಕುವುದೂ ಉಂಟು. ಅದಕ್ಕಾಗಿ ಕವಚದ ಹಿಂಭಾಗದಲ್ಲಿ ಕಿಟಕಿಗಳನ್ನು ಕತ್ತರಿಸುವ ರೂಢಿಯಿದೆ. ೨೦೦೮ರಲ್ಲಿ 'ಸ್ಲ್ಯಾಶ್' ಎಂಬ ಟ್ರಕ್ಕು ಬಂದ ಮೇಲೆ ಈ ಅಗಲ ಕವಚದ ಜಾತಿಯೇ ಲೋಕದ ಹಲವೆಡೆ ಮೆಚ್ಚಿಗೆಯಾಯಿತು. ಅದರೊಡನೆ ಈ ತೊಡಕೂ ಬಂದಿತು.

ಡಿಫರೆನ್ಷಿಯಲ್ಲಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ತಿರುವಿನಲ್ಲಿ ಹೊರಚಕ್ರ ಹೆಚ್ಚು ದೂರ ಓಡಬೇಕು, ಒಳಚಕ್ರ ಕಡಮೆ. ಆ ಭೇದಕ್ಕೆ ಅವಕಾಶ ಕೊಡುವ ಗೇರುಗಳ ಪೆಟ್ಟಿಗೆ ಅದು. ಅದರೊಳಗೆ ತೆಳು ಎಣ್ಣೆ ಹಾಕಿದರೆ ಹಿಂದಿನ ಚಕ್ರಗಳು ಸ್ವತಂತ್ರವಾಗಿ ತಿರುಗಿ ಟ್ರಕ್ಕು ತಿರುವಿನಲ್ಲಿ ಸೌಮ್ಯವಾಗಿರುತ್ತದೆ. ಇದು ಗೋರಾಡಿಗೆ ಒಪ್ಪುತ್ತದೆ. ಗಟ್ಟಿ ಎಣ್ಣೆ ಎರಡೂ ಚಕ್ರಗಳನ್ನು ಒಟ್ಟಿಗೆ ತಳ್ಳುವಂತೆ ಮಾಡುತ್ತದೆ. ಹಿಡಿತದ ನೆಲಕ್ಕೆ ಅದೇ ಲೇಸು.

ಇಷ್ಟನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಏನಾಯಿತೆಂಬುದು ಬ್ರಹ್ಮನಿಗೂ ತಿಳಿಯದು. ಒಂದನ್ನು ಬದಲಿಸಿ, ಐದು ಸುತ್ತು ಓಡಿಸಿ, ಕಾಲವನ್ನು ಗಡಿಯಾರದಿಂದ ಗುರುತಿಸಿ ಬರೆದಿಟ್ಟು, ಆಮೇಲೆ ಎರಡನೆಯದಕ್ಕೆ ಕೈಹಚ್ಚಬೇಕು. ನೋಟುಬುಕ್ಕಿನಲ್ಲಿ ದಿನಾಂಕ, ಊರು, ಮಣ್ಣು ಒಣವೋ ತೇವವೋ, ಗಾಳಿಯ ಶಾಖ, ತ್ರಾಸಿನ ಅಂಕಿ, ಟೈರು, ಎಣ್ಣೆ, ಎತ್ತರ, ಸುತ್ತಿನ ಕಾಲ, ಇವಿಷ್ಟು ಅಂಕಣಗಳಿರಲಿ. ಮುಂಭಾಗ ಮೊದಲು ಜಾರಿ ಟ್ರಕ್ಕು ಹೊರಗೆ ಓಡಿತೋ, ಹಿಂಭಾಗ ಜಾರಿ ಸುತ್ತಿತೋ ಎಂಬುದನ್ನೂ ಬರೆಯತಕ್ಕದ್ದು. ಯಾವ ತುದಿ ಜಾರಿತೋ ಆ ತುದಿಯ ಸ್ಪ್ರಿಂಗನ್ನು ಮೆತುಮಾಡಿ ನೋಡುವುದು ಮೊದಲ ಮದ್ದು. ಜಾರಿದ್ದು ನೆನಪಿರುತ್ತದೆಂದು ನಂಬಿ ಬರೆಯದೆ ಬಿಟ್ಟವನಿಗೆ ಮುಂದಿನ ಭಾನುವಾರ ಅಹಮದಾಬಾದಿನ ಟ್ರಕ್ಕನ್ನೇ ಸೂರತ್ತಿಗೆ ಕೊಂಡೊಯ್ಯುವ ಯೋಗ ತಪ್ಪದು.

ನೆಲದ ಪಾಠ ಮುಗಿದ ಮೇಲೆ ಮೋಟಾರನ್ನು ಮುಟ್ಟಬಹುದು. ಪಿನಿಯನ್ನಿನ ಹಲ್ಲು ಹೆಚ್ಚಿದಷ್ಟೂ ಮೋಟಾರಿನ ಮೇಲೆ ಹೊರೆ ಹೆಚ್ಚು. ಹೊರೆ ಹೆಚ್ಚಿದಷ್ಟೂ ವಿದ್ಯುತ್ತು ಹೆಚ್ಚು. ವಿದ್ಯುತ್ತು ಎರಡರಷ್ಟಾದರೆ ತಂತಿಯ ಶಾಖ ನಾಲ್ಕರಷ್ಟು. ಅತಿ ಕಾವಿಗೆ ಒಳಗಿನ ಅಯಸ್ಕಾಂತಗಳು ಬಲಗುಂದುತ್ತವೆ, ಮತ್ತೆ ಚೇತರಿಸಿಕೊಳ್ಳುವುದಿಲ್ಲ. ಓಟ ಮುಗಿದೊಡನೆ ಶಾಖಮಾಪಕದಿಂದ ನೋಡಿ, ೮೦ ಡಿಗ್ರಿ ದಾಟುವಂತಿದ್ದರೆ ಪಿನಿಯನ್ನಿನ ಒಂದು ಹಲ್ಲನ್ನು ಇಳಿಸಬೇಕು. ಹೊರಗೇ ೪೨ ಡಿಗ್ರಿ ಇರುವ ದಿನ ಈ ಮಿತಿಗೆ ಉಳಿದಿರುವ ಅಂತರ ಎಷ್ಟೆಂದು ಯೋಚಿಸಿರಿ. ಓಟದ ಋತು ನವೆಂಬರಿನಿಂದ ಫೆಬ್ರವರಿಯವರೆಗೆ ಇರುವುದು ಮೇಲು. ಆದರೆ ಅದರ ನಡುವೆ ಸಂಕ್ರಾಂತಿಯ ಉತ್ತರಾಯಣ ಬರುತ್ತದೆ. ಗುಜರಾತಿನ ಆಕಾಶವೆಲ್ಲ ಗಾಳಿಪಟ, ನೆಲವೆಲ್ಲ ಕಡಿದುಬಿದ್ದ ಮಾಂಜಾ ದಾರ. ಆ ದಾರ ಹಿಂದಿನ ಅಚ್ಚಿಗೆ ಸುತ್ತಿಕೊಂಡರೆ ಬೇರಿಂಗಿನೊಳಗೆ ನುಗ್ಗಿ ಕೂರುತ್ತದೆ. ಜನವರಿ ೧೪ರ ಆಸುಪಾಸಿನಲ್ಲಿ ಹಾದಿಯನ್ನು ಗುಡಿಸದೆ ಟ್ರಕ್ಕನ್ನು ಇಳಿಸಬಾರದು.

ಕೊನೆಯದಾಗಿ ಬ್ಯಾಟರಿ. ಈ ಭಾಗವನ್ನು ಹಿರಿಯರೊಬ್ಬರೊಡನೆ ಕುಳಿತು ಓದಬೇಕೆಂದು ನಮ್ಮ ಕೋರಿಕೆ. ಟ್ರಕ್ಕಿನ ಲಿಥಿಯಂ ಪಾಲಿಮರ್ ಬ್ಯಾಟರಿಯಲ್ಲಿ ಎರಡು ಕೋಶಗಳಿವೆ. ಪ್ರತಿ ಕೋಶವೂ ತುಂಬಿದಾಗ ೪.೨ ವೋಲ್ಟು, ಅದನ್ನು ಮೀರಿಸಕೂಡದು. ಬರಿದಾಗುವಾಗ ೩ ವೋಲ್ಟಿಗಿಂತ ಕೆಳಗೆ ಇಳಿಸಕೂಡದು. ಎರಡೂ ಕೋಶಗಳನ್ನು ಸಮನಾಗಿ ತುಂಬುವ ಚಾರ್ಜರಿನಿಂದಲೇ ತುಂಬಬೇಕು. ೫೦೦೦ ಮಿಲಿಆಂಪಿಯರ್ ಗಂಟೆಯ ಬ್ಯಾಟರಿಗೆ ೫ ಆಂಪಿಯರಿಗಿಂತ ಹೆಚ್ಚು ಹರಿಸದಿದ್ದರೆ ಕ್ಷೇಮ. ತುಂಬುವಾಗ ಅದನ್ನು ಇಟ್ಟಿಗೆಯ ಮೇಲೋ ಕಲ್ಲುಚಪ್ಪಡಿಯ ಮೇಲೋ ಇಟ್ಟು, ಬಟ್ಟೆ, ಕಾಗದ, ಹಾಸಿಗೆಗಳಿಂದ ದೂರವಿರಿಸಿ, ಪಕ್ಕದಲ್ಲಿಯೇ ಕುಳಿತಿರಬೇಕು. ರಾತ್ರಿ ಚಾರ್ಜಿಗಿಟ್ಟು ಮಲಗುವ ಅಭ್ಯಾಸ ಈ ಬ್ಯಾಟರಿಗೆ ಸಲ್ಲದು. ಉಬ್ಬಿದ ಬ್ಯಾಟರಿಯನ್ನು ಚೆನ್ನಾಗಿದೆಯೆಂದು ತೋರಿದರೂ ಬಳಸಬಾರದು. ಒಳಗೆ ಅನಿಲ ಹುಟ್ಟಿದುದರ ಗುರುತು ಅದು; ಚುಚ್ಚಿದರೆ ಉರಿಯುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಅದನ್ನು ಬಿಟ್ಟುಹೋಗಕೂಡದು. ಓಟ ಮುಗಿಸಿ ಮನೆಗೆ ಬಂದ ಸಂಜೆ ಪ್ರತಿ ಕೋಶವನ್ನೂ ೩.೮ ವೋಲ್ಟಿಗೆ ತಂದು, ತಂಪಾದ ಜಾಗದಲ್ಲಿ ಇಡಬೇಕು. ಮುಂದಿನ ಓಟದ ಬೆಳಗ್ಗೆ ತುಂಬಿಕೊಂಡರಾಯಿತು. ಬೇರಿಂಗುಗಳನ್ನು ಕುಂಚದಿಂದ ಗುಡಿಸಿ ಒಂದೊಂದು ತೊಟ್ಟು ಎಣ್ಣೆ ಬಿಡುವ ಕೆಲಸವೂ ಆ ಸಂಜೆಯದೇ.